ಖರೇ ಗುಳಿಗಿ, ಸುಳ್ಳು ಗುಳಿಗಿ

ನಮ್ಮ ಕಾಕಾನ ಹೃದಯ ದುರ್ಬಲವಾಗಿದೆ ಎಂದು ಡಾಕ್ಟರು ಹೇಳಿದಾಗ ಶಹಾಪುರದಲ್ಲಿ ಒಬ್ಬರೂ ನಂಬಲಿಲ್ಲ. ಅವನಿಗೆ ಹೃದಯವಿದೆ ಎಂಬುದನ್ನೇ ಕೆಲವರು ನಂಬಲಿಲ್ಲ! ಬೆಳಗಿನಿಂದ ಸಂಜೆಯವರೆಗೆ ಅಷ್ಟೊಂದು ಸಿಟ್ಟನ್ನು ಅಂಗಾಲಿನಿಂದ ನೆತ್ತಿಗೆ ಏರಿಸುವ ಯಂತ್ರ ದುರ್ಬಲವಾಗಿರಲು ಹೇಗೆ ಸಾಧ್ಯ? ಅದನ್ನು ಬಿಚ್ಚಿ ಹೊಲದ ಬೋರಿಗೆ ಕೂಡಿಸಿದರೆ ನೀರು ನೆಲ ಬಿಟ್ಟು ಮುಗಿಲಿಗೆ ಚಿಮ್ಮಬೇಕು.

ಕಾಕಾ ಎಂದರೆ ನಮ್ಮಪ್ಪನ ತಮ್ಮ. ನಿವೃತ್ತಿಯಾಗುವವರೆಗೆ ಶಹಾಪುರ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದ. ಯಾವ ಬಸ್ಸು ಬಂತು, ಯಾವುದು ಹೊರಟಿತು ಎಂದು ಗುರುತು ಹಾಕಿಕೊಳ್ಳುವುದು, ಮೈಕಿನಲ್ಲಿ ಕೂಗಿ ಹೇಳುವುದು ಅವನ ಕೆಲಸ. ಯೋಚಿಸಿ ನೋಡಿ, ಹುಟ್ಟಾ ಸಿಟ್ಟಿನ ಮನುಷ್ಯ, ಅವನ ಕೈಗೆ ಸರ್ಕಾರ ಮೈಕು ಕೊಟ್ಟಿದೆ! ಕೆಂಭಾವಿ ಬಸ್ಸು, ಕಕ್ಕೇರಾ ಬಸ್ಸು, ಯಾದಗಿರಿ ಬಸ್ಸು ಎಂದು ಹೇಳುವುದರ ನಡುವೆ ಅವನು ಇಡೀ ತಾಲ್ಲೂಕನ್ನು ಬೈಯುತ್ತಿದ್ದ. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರನ್ನು ಕಂಡರಂತೂ ಮೈ ಉರಿಯುತ್ತಿತ್ತು. ಒಮ್ಮೆ ತಾನೇ ಬಸ್ಸಿಗೆ ನುಗ್ಗಿ ಸೀಟಿನ ಮೇಲಿದ್ದ ಟವೆಲುಗಳನ್ನೆಲ್ಲ ಬಾಚಿ ತಂದು, ಮೈಕು ಹಿಡಿದು ಸಾರಿದನಂತೆ: "ಹಸಿರು ರುಮಾಲಿನ ಯಜಮಾನ್ರ, ನಿಮ್ಮ ಟವೆಲ್ ನನ್ನ ಹತ್ರ ಅದ. ನಿಮ್ಮಪ್ಪ ಬಸ್ ಖರೀದಿ ಮಾಡಿದ್ದ ಕಾಗದ ತೋರಿಸಿ ಒಯ್ರಿ!"

ಇದು ನನ್ನ ದಿನಚರಿಯಲ್ಲಿದೆ. ಆದರೆ ದಿನಚರಿಯನ್ನು ನಾನು ಪೂರ್ತಿ ನಂಬುವುದಿಲ್ಲ. ಅದನ್ನು ಬರೆದವಳು ನನಗೆ ಚೆನ್ನಾಗಿ ಗೊತ್ತು. ರುಮಾಲು ಹಸಿರೆಂದು ನಾನು ಬರೆದಿದ್ದೇನೆ. ಕಾಕು, ಅಂದರೆ ಕಾಕಾನ ಹೆಂಡತಿ, ಕೆಂಪು ಎನ್ನುತ್ತಾಳೆ. ರುಮಾಲೇ ಇರಲಿಲ್ಲ, ತಲೆಯ ಮೇಲೆ ಟೊಪ್ಪಿಗೆ ಇತ್ತು ಎಂದು ಕಾಕಾ ಇಬ್ಬರ ಮೇಲೂ ಸಿಟ್ಟಾಗುತ್ತಾನೆ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ, ಯಾದಗಿರಿಯ ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುವ ನನಗೆ ಒಂದು ರುಮಾಲಿನ ಬಣ್ಣ ಸಾಬೀತು ಮಾಡಲು ಆಗಿಲ್ಲ. ಬೈದದ್ದಂತೂ ಖರೆ; ಅದಕ್ಕೆ ಮೂವರದೂ ಒಪ್ಪಿಗೆ ಇದೆ.

ಶಹಾಪುರದ ಗುಡ್ಡ ನೋಡಿದವರಿಗೆ ಗೊತ್ತು, ದೂರದಿಂದ ಬುದ್ಧ ಅಂಗಾತ ಮಲಗಿದಂತೆ ಕಾಣುತ್ತದೆ. ಹಣೆ, ಮೂಗು, ಗದ್ದ, ಎದೆ, ಎಲ್ಲ ಶಾಂತ. ನೋಡಲು ಊರೂರಿನಿಂದ ಜನ ಬರುತ್ತಾರೆ. ಕಾಕಾನ ಮಾಳಿಗೆಯ ಎದುರಿಗೇ ಆ ಗುಡ್ಡ. "ಬುದ್ಧ ಯಾಕ ಎದ್ದು ಕುಂದ್ರಂಗಿಲ್ಲ ಗೊತ್ತೇನು? ಎದ್ರ ನಿಮ್ಮ ಕಾಕಾನ ಮಾತು ಕೇಳಬೇಕಾಗ್ತದ," ಎನ್ನುವುದು ಕಾಕುವಿನ ಸಿದ್ಧಾಂತ.

ಇಂಥ ಮನುಷ್ಯನಿಗೂ ಒಬ್ಬರು ಗೆಳೆಯರಿದ್ದರು. ಸುರಪುರದ ಮೆಹಬೂಬ್ ಚಾಚಾ. ಸುರಪುರದಿಂದ ಶಹಾಪುರದ ಮೇಲೆ ಯಾದಗಿರಿಗೆ ಹೋಗುವ ಬಸ್ಸಿನ ಡ್ರೈವರ್. ಗೆಳೆತನ ಎಂದು ನಾನು ಬರೆಯುತ್ತಿದ್ದೇನೆ, ಅವರಿಬ್ಬರೂ ಆ ಶಬ್ದ ಬಳಸಿದ್ದನ್ನು ಕೇಳಿಲ್ಲ. ಚಾಚಾನ ಬಸ್ಸು ತಡವಾಗಿ ಒಳಗೆ ಬಂದರೆ ಮೈಕು ಶುರುವಾಗುತ್ತಿತ್ತು: "ಪ್ರಯಾಣಿಕರ ಗಮನಕ್ಕ! ನಿನ್ನಿ ಬರಬೇಕಾಗಿದ್ದ ಸುರಪುರ ಬಸ್ಸು ಇವತ್ತ ಬಂದದ!" ಚಾಚಾ ಉತ್ತರವಾಗಿ ಉದ್ದಕ್ಕೆ ಹಾರ್ನ್ ಒತ್ತುತ್ತಿದ್ದರು. ಆಮೇಲೆ ಇಳಿದು ಬಂದು ಕಿಟಕಿಯಲ್ಲಿ ತಲೆ ತೂರಿಸಿ, "ಏ ಕಂಟ್ರೋಲರ್, ಕುರ್ಚಿ ಮ್ಯಾಲ ಕುಂತು ಬಸ್ ಓಡಿಸಬ್ಯಾಡ. ರೋಡಿಗಿ ಬಾ, ಕುಣಿಗಳು ನಿನ್ನ ಹೆಸರು ಕೇಳಾಕತ್ತಾವ," ಎನ್ನುತ್ತಿದ್ದರು. ನಂತರ ಇಬ್ಬರೂ ಒಂದು ಚಹಾ ಎರಡು ಕಪ್ಪು ಮಾಡಿ ಕುಡಿದು, ಕಪ್ಪು ಕೆಳಗಿಡುವ ಮೊದಲೇ ಇನ್ನೊಂದು ಜಗಳ ತೆಗೆಯುತ್ತಿದ್ದರು. ನಿವೃತ್ತಿಯಾದ ಮೇಲೂ ಚಾಚಾ ವಾರಕ್ಕೊಮ್ಮೆ ಬಸ್ಸು ಹತ್ತಿ ಶಹಾಪುರಕ್ಕೆ ಬರುತ್ತಿದ್ದರು. ಯಾಕೆಂದು ಕೇಳಿದರೆ, "ಬೇಟಿ, ಸುರಪುರದಾಗ ಬೈಯೋರು ಯಾರೂ ಇಲ್ಲ, ಎಲ್ಲಾರೂ ಇಜ್ಜತ್ ಕೊಡ್ತಾರ. ಬ್ಯಾಸರ ಆಗ್ತದ," ಎಂದಿದ್ದರು.

ಕಾಕಾನ ಕಾಯಿಲೆ ಮೊದಲು ಗೊತ್ತಾದದ್ದು ಚಪ್ಪಲಿ ಅಂಗಡಿಯವನಿಗೆ. ಹೊಸ ಚಪ್ಪಲಿ ಬಿಗಿಯಾಗುತ್ತಿವೆ ಎಂದು ಕಾಕಾ ಅಂಗಡಿಗೆ ಹೋಗಿ ರಂಪ ಮಾಡಿದ್ದ. "ಒಯ್ದಾಗ ಸರಿ ಇದ್ವು, ಮನ್ಯಾಗ ಇಟ್ರ ಕುಗ್ಗತಾವ! ಇವು ಚಪ್ಪಲ್ ಏನು, ಉಳ್ಳಾಗಡ್ಡಿ ಏನು, ಒಣಗಿ ಸಣ್ಣ ಆಗಾಕ?" ಅಂಗಡಿಯವನು ಚಪ್ಪಲಿ ನೋಡಲಿಲ್ಲ, ಕಾಲು ನೋಡಿದ. "ಕಂಟ್ರೋಲರ್ ಸಾಹೇಬ್ರ, ಚಪ್ಪಲ್ ಸಣ್ಣ ಆಗಿಲ್ರಿ, ಕಾಲು ಬಾತಾವ. ದವಾಖಾನಿಗಿ ಹೋಗ್ರಿ." ಅದಕ್ಕೂ ಬೈಗುಳ ಬಿತ್ತು. ಆದರೆ ಆ ಹೊತ್ತಿಗೆ ಕಾಕಾ ಮಾಳಿಗೆ ಹತ್ತುವಾಗ ನಡುವೆ ನಿಲ್ಲುತ್ತಿದ್ದ, ಮಲಗಲು ದಿಂಬಿನ ಮೇಲೆ ದಿಂಬು ಬೇಕಾಗುತ್ತಿತ್ತು. ಮೆಟ್ಟಿಲು ಕಟ್ಟಿದ ಗೌಂಡಿ ಮೋಸಗಾರ, ದಿಂಬಿನ ಹತ್ತಿಯಲ್ಲಿ ದಮ್ಮಿಲ್ಲ! ಊರಿನಲ್ಲಿ ಎಲ್ಲರದೂ ತಪ್ಪು, ತನ್ನ ಎದೆಯೊಂದನ್ನು ಬಿಟ್ಟು.

ಕೊನೆಗೆ ನಾನು ಹಟ ಹಿಡಿದು ಯಾದಗಿರಿಯಿಂದ ರೈಲು ಹತ್ತಿಸಿ ಕಲಬುರಗಿಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕಾಕಾ ಹೆದರಿದ್ದನ್ನು ನೋಡುವ ಭಾಗ್ಯ ತಪ್ಪಬಾರದು ಎಂದು ಚಾಚಾ ಜೊತೆಗೆ ಬಂದರು. ಅಲ್ಲಿನ ಡಾಕ್ಟರಮ್ಮ ನಮ್ಮ ಕಡೆಯವರೇ, ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಕಾಕಾನ ಎದೆಯ ಸ್ಕ್ಯಾನ್ ಮಾಡಿ, ಹೃದಯದ ಪಂಪಿಂಗ್ ಬಹಳ ಕಡಿಮೆಯಾಗಿದೆ ಎಂದರು. ಚಾಚಾ ನಕ್ಕುಬಿಟ್ಟರು. ನಗುವಾಗ ಅವರಿಗೆ ದಮ್ಮು ಹತ್ತಿತು. ಡಾಕ್ಟರಮ್ಮ ಅವರ ಕಾಲಿನ ಮೇಲೆ ಬೆರಳು ಒತ್ತಿ ನೋಡಿದರು. ಬೆರಳು ತೆಗೆದ ಮೇಲೂ ಗುಳಿ ಹಾಗೇ ಉಳಿಯಿತು. "ನೀವೂ ಬರ್ರಿ," ಎಂದು ಅವರನ್ನೂ ಮಲಗಿಸಿದರು. ಅವರದೂ ಅದೇ ಕಥೆ! ಹೊರಗೆ ಬಂದ ಮೇಲೆ ಕಾಕಾ ಹೇಳಿದ: "ಜನ್ಮದಾಗ ಮೊದಲನೇ ಸಲ ಟೈಮಿಗಿ ಸರಿಯಾಗಿ ಬಂದಾನ ನೋಡು."

ನಂತರದ ತಿಂಗಳುಗಳನ್ನು ನೆನೆದರೆ ನನಗೆ ಈಗಲೂ ತಲೆ ಕಾಯುತ್ತದೆ. ಉಪ್ಪು ಕಡಿಮೆ ಮಾಡಿ ಎಂದರು. ಉಪ್ಪಿಲ್ಲದ ಪುಂಡಿಪಲ್ಲೆಯ ತಟ್ಟೆಯನ್ನು ಕಾಕಾ ಅಂಗಳಕ್ಕೆ ಎಸೆದ, ತಟ್ಟೆಗೆ ನೆಗ್ಗು ಬಿತ್ತು. ಸಿಟ್ಟು ಮಾಡಿಕೊಳ್ಳಬೇಡಿ ಎಂದರು. "ಸಿಟ್ಟು ಬಿಡು ಅನ್ನೂದಕ್ಕಿಂತ ಉಸಿರು ಬಿಡು ಅಂದ್ರ ಮುಗೀತಲ್ರಿ," ಎಂದ. ನೀರು ಅಳೆದು ಕುಡಿಯಿರಿ ಎಂದರು. ಶಹಾಪುರದ ಬಿಸಿಲಿನಲ್ಲಿ ಇದನ್ನು ಹೇಳಿದವರನ್ನು ಏನು ಮಾಡಬೇಕು ಎಂದು ಅವನು ಹೇಳಿದ್ದನ್ನು ನಾನು ಬರೆಯಲಾರೆ.

ಆಗ ಬಂತು ಹೊಸ ಗುಳಿಗೆಯ ಮಾತು.

ಡಾಕ್ಟರಮ್ಮ ಇಬ್ಬರನ್ನೂ ಕೂಡಿಸಿಕೊಂಡು, ನನ್ನನ್ನೂ ಕರೆದು, ಸಮಾಧಾನದಿಂದ ವಿವರಿಸಿದರು. ಸೋತ ಹೃದಯ ಜೋರಾಗಿ ಬಡಿಯುವಂತೆ ಮಾಡುವ ಔಷಧಿಗಳು ಹಿಂದೆಯೂ ಬಂದಿದ್ದವು. ಅವು ದಣಿದ ಎತ್ತಿಗೆ ಬಾರುಕೋಲಿನ ಏಟು ಕೊಟ್ಟಂತೆ: ಎತ್ತು ಓಡುತ್ತದೆ, ನಿಜ, ಆದರೆ ಬೇಗ ಬೀಳುತ್ತದೆ. ಈಗ ಬೇರೆ ಥರದ ಗುಳಿಗೆ ಹುಡುಕುತ್ತಿದ್ದಾರೆ. ಹೃದಯದ ಮಾಂಸದೊಳಗೆ ಎಳೆಯುವ ಸಣ್ಣ ಸಣ್ಣ ಕೈಗಳಿರುತ್ತವೆ, ಎಲ್ಲ ಕೈಗಳೂ ಒಮ್ಮೆಗೇ ಎಳೆಯುವುದಿಲ್ಲ. ಸುಮ್ಮನಿರುವ ಕೈಗಳೂ ಹಿಡಿದು ಎಳೆಯುವಂತೆ ಮಾಡುವುದು ಈ ಗುಳಿಗೆಯ ಕೆಲಸ. ಬಡಿತ ಜೋರಾಗುವುದಿಲ್ಲ, ಎಳೆತ ಗಟ್ಟಿಯಾಗುತ್ತದೆ.

ನಾನು ಅರ್ಥವಾಯಿತೇ ಎಂದು ಕಾಕಾನ ಮುಖ ನೋಡಿದೆ. "ಅದರಾಗೇನದ?" ಎಂದ. "ಬಸ್ ಕೆಟ್ಟು ನಿಂತಾಗ ಮಂದಿ ಇಳಿದು ದಬ್ಬತಾರ. ಅರ್ಧ ಮಂದಿ ಖರೇನ ದಬ್ಬತಾರ, ಉಳಿದವರು ಬರೇ ಕೈ ಹಚ್ಚಿ ಹಲ್ಲು ಕಿಸೀತಾರ. ಈ ಗುಳಿಗಿ ಆ ಹರಾಮಖೋರರ ಬೆನ್ನಿಗಿ ಗುದ್ದತದ. ಹೌದಿಲ್ರಿ?" ಡಾಕ್ಟರಮ್ಮ ನಕ್ಕು, ನಾಳೆಯಿಂದ ತಾನೂ ಹಾಗೇ ಹೇಳುತ್ತೇನೆ ಎಂದರು.

ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ಮುಂದಿನ ಮಾತಿಗೆ ಬೆಂಕಿ ಹತ್ತಿತು. ಗುಳಿಗೆ ಇನ್ನೂ ಪರೀಕ್ಷೆಯಲ್ಲಿದೆ. ಸೇರಿದವರಲ್ಲಿ ಕೆಲವರಿಗೆ ನಿಜವಾದ ಗುಳಿಗೆ, ಕೆಲವರಿಗೆ ನೋಡಲು ಹಾಗೇ ಇರುವ, ಒಳಗೆ ಔಷಧಿಯೇ ಇಲ್ಲದ ಗುಳಿಗೆ. ಈಗ ತೆಗೆದುಕೊಳ್ಳುವ ಔಷಧಿಗಳು ಎಲ್ಲರಿಗೂ ಹಾಗೇ ಮುಂದುವರಿಯುತ್ತವೆ. ಬೇಡವೆಂದರೆ ಬಲವಂತವಿಲ್ಲ.

"ನನಗ ಯಾವುದು ಕೊಡ್ತೀರಿ?" ಕಾಕಾ ಕೇಳಿದ.

"ಅದು ನನಗೂ ಗೊತ್ತಿರಂಗಿಲ್ರಿ."

"ನಿಮಗೂ ಗೊತ್ತಿಲ್ಲ? ಮತ್ಯಾರಿಗಿ ಗೊತ್ತು?"

"ಕಂಪ್ಯೂಟರ್ ಆರಿಸ್ತದ್ರಿ. ಪರೀಕ್ಷಾ ಮುಗಿಯೋ ತನಕ ಯಾರಿಗೂ ಹೇಳಂಗಿಲ್ಲ."

ಕಾಕಾ ಎದ್ದು ನಿಂತ. "ಬಸ್ಸಿಗಿ ಬೋರ್ಡ್ ಇಲ್ಲ! ಎಲ್ಲಿಗಿ ಹೊಂಟದ ಅಂತ ಡ್ರೈವರ್‌ಗೂ ಗೊತ್ತಿಲ್ಲ, ಕಂಡಕ್ಟರ್‌ಗೂ ಗೊತ್ತಿಲ್ಲ! ಹತ್ತು ಅಂತೀರಿ? ನಾ ಕಂಟ್ರೋಲರ್ ಇದ್ದಾಗ ಇಂಥ ಬಸ್ಸು ಸ್ಟ್ಯಾಂಡಿನ ಒಳಗ ಬಿಡ್ತಿದ್ದಿಲ್ಲ!"

ಗೊತ್ತಾದರೆ ಮನಸ್ಸು ಮೋಸ ಮಾಡುತ್ತದೆ, ಆರಾಮಿಲ್ಲದಿದ್ದರೂ ಆರಾಮ ಅನ್ನಿಸುತ್ತದೆ ಎಂದು ಡಾಕ್ಟರಮ್ಮ ಹೇಳಿದರು. ನನ್ನ ದಿನಚರಿಯ ಸ್ಥಿತಿ ಬಲ್ಲ ನನಗೆ ಆ ಮಾತು ಒಮ್ಮೆಲೇ ಹಿಡಿಸಿತು. ಕಾಕಾನಿಗೆ ಹಿಡಿಸಲಿಲ್ಲ. ಆದರೆ ಅವನು ಕೂಗಾಡುತ್ತಿದ್ದಾಗಲೇ ಚಾಚಾ ಪೆನ್ನು ಕೇಳಿ ಪಡೆದು, ಒಪ್ಪಿಗೆಯ ರುಜು ಮಾಡಿ ಮುಗಿಸಿದ್ದರು. "ಇಷ್ಟು ವರ್ಷ ಬೋರ್ಡ್ ಇದ್ದ ಬಸ್ ಓಡಿಸೇನಿ. ಕುಣಿ ತಪ್ಪಿದ್ವೇನು?" ಎಂದರು. ಕಾಕಾ ಅವರನ್ನು ದುರುಗುಟ್ಟಿ ನೋಡಿ, ಪೆನ್ನು ಕಸಿದುಕೊಂಡು, ಕಾಗದ ಹರಿಯುವಂತೆ ರುಜು ಮಾಡಿದ. "ಇವ ಹತ್ತಿದ ಬಸ್ಸಿಗಿ ನಾ ಹತ್ತಲಿಲ್ಲಂದ್ರ ಇವಗ ಟೈಮ್ ಯಾರು ಹೇಳೋರು?"

ಸರಿ, ಇಬ್ಬರಿಗೂ ಗುಳಿಗೆಯ ಬಾಟಲಿ ಸಿಕ್ಕವು. ಅಂದಿನಿಂದ ಕಾಕಾನ ಪತ್ತೇದಾರಿಕೆ ಶುರು. ಗುಳಿಗೆಯನ್ನು ಬಿಸಿಲಿಗೆ ಹಿಡಿದು ನೋಡಿದ. ನೆಕ್ಕಿ ನೋಡಿದ: ಖರೇ ಔಷಧಿ ಕಹಿ ಇರಲೇಬೇಕು ಎಂಬುದು ಅವನ ವಿಜ್ಞಾನ. ಚಾಚಾನ ಬಾಟಲಿಯದನ್ನೂ ನೆಕ್ಕಿದ. ಎರಡೂ ಒಂದೇ ರುಚಿ, ಅದಕ್ಕೂ ಸಿಟ್ಟು! ತೊಂದರೆಯಾದರೆ ಮಾತ್ರ ಕರೆಯಿರಿ ಎಂದು ಕೊಟ್ಟಿದ್ದ ನಂಬರಿಗೆ ಫೋನು ಮಾಡಿ, "ನಾ ಶಹಾಪುರ ಕಂಟ್ರೋಲರ್ ಮಾತಾಡಾಕತ್ತೇನಿ. ನಿಮ್ಮ ಕಂಪ್ಯೂಟರ್ ಕೈಯಾಗ ಫೋನ್ ಕೊಡ್ರಿ," ಎಂದ. ಆ ಕಡೆಯ ಹುಡುಗಿ ಕಂಪ್ಯೂಟರ್ ಊಟಕ್ಕೆ ಹೋಗಿದೆ ಎಂದಳಂತೆ. ಆ ಹುಡುಗಿಯ ಮೇಲೆ ನನಗೆ ಇಂದಿಗೂ ಗೌರವ.

ದಿನ ಕಳೆದಂತೆ ಕಾಕಾ ಒಂದು ತೀರ್ಮಾನಕ್ಕೆ ಬಂದ: ಚಾಚಾನಿಗೆ ಬಂದದ್ದು ಖರೇ ಗುಳಿಗಿ, ತನಗೆ ಬಂದದ್ದು ಸುಳ್ಳು. ಚಾಚಾ ವಾರದ ಬಸ್ಸಿಗೆ ಬಂದಾಗಲೆಲ್ಲ ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಇದೇ ಜಗಳ. ಒಂದು ಭಾನುವಾರ ನಾನೂ ಅಲ್ಲಿದ್ದೆ. ಕಾಕಾ ಎದೆ ಹಿಡಿದುಕೊಂಡು ಏದುಸಿರು ಬಿಡುತ್ತಿದ್ದ. "ನೋಡು... ನೋಡು ನನ್ನ ಗತಿ. ನೀ ಮಾತ್ರ... ಗುಂಡುಕಲ್ಲು ಆದಂಗ ಆಗಿದಿ. ಖರೇದು ನೀ ಹೊಡದಿ!"

"ಅರೆ, ನಾ ಎಲ್ಲಿ ಗುಂಡುಕಲ್ಲು? ನನಗೂ ದಮ್ಮು ಬರ್ತದ ಮಾರಾಯಾ."

"ಸುಳ್ಳು ಹೇಳ್ತಿ! ಜನ್ಮದಾಗ ಹಂಚಿಕೊಂಡು ತಿಂದಿಯೇನು ನೀ?"

ನನಗೆ ನಾಚಿಕೆಯಾಯಿತು. ಸುಸ್ತಾಗಿ ಸೊರಗಿದ್ದ ಚಾಚಾನ ಮುಖ ನೋಡಿ, ಈ ಕಾಕಾನಿಗೆ ಕಣ್ಣಿಲ್ಲವೇ ಎಂದು ಮೈಯೆಲ್ಲ ಉರಿಯಿತು. ಎದ್ದು ಬಸ್ಸು ಹತ್ತಿ ಯಾದಗಿರಿಗೆ ಹೋಗಿಬಿಟ್ಟೆ. ಆಮೇಲೆ ಏನಾಯಿತೆಂದು ನನಗೆ ತಿಳಿದದ್ದು ಮುಂದಿನ ಸಲ ಆಸ್ಪತ್ರೆಗೆ ಹೋದಾಗ, ಡಾಕ್ಟರಮ್ಮನ ಕೋಣೆಯಲ್ಲಿ.

"ಗುಳಿಗಿ ಬರೋಬ್ಬರಿ ತಗೋತೀರಿಲ್ರಿ?" ಎಂದು ಅವರು ಬರೆದುಕೊಳ್ಳುತ್ತಲೇ ಕೇಳಿದರು.

"ತಪ್ಪಸಂಗಿಲ್ರಿ ಮೇಡಂ," ಚಾಚಾ ಹೆಮ್ಮೆಯಿಂದ ಹೇಳಿದರು. "ನನಗ ಖರೇದು ಬಂದದ, ಇವಗ ಸುಳ್ಳು ಬಂದದ. ಪಾಪ, ಇವಗ ಭಾಳ ತ್ರಾಸ ಆಗಾಕತ್ತಿತ್ತು. ಅದಕ್ಕ ಎರಡೂ ಬಾಟಲಿ ಒಂದ ಡಬ್ಬಿಗಿ ಸುರುವಿ, ಕಲಸಿ, ಅರ್ಧರ್ಧ ಮಾಡ್ಕೊಂಡೀವಿ."

ಪೆನ್ನು ನಿಂತಿತು.

"ಕಲಸಿದ್ರಿ?"

"ಹೌದ್ರಿ. ಚಲೋತ್ನಂಗ ಅಲ್ಲಾಡಿಸಿ."

ಚುರುಮುರಿ ಕಲಸುವಂತೆ ಕಲಸಿದ್ದರು! ಎಲ್ಲೋ ದೂರದ ಪ್ರಯೋಗಶಾಲೆಗಳಲ್ಲಿ ಯಾರೋ ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಮಾಡಿದ ಗುಳಿಗೆಯನ್ನು, ಕಂಪ್ಯೂಟರ್ ಬೇರೆ ಮಾಡಿಟ್ಟದ್ದನ್ನು, ಈ ಇಬ್ಬರು ಮಹಾಶಯರು ಶಹಾಪುರ ಬಸ್ ನಿಲ್ದಾಣದ ಬೆಂಚಿನ ಮೇಲೆ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಕುಲುಕಿದ್ದರು. ಪಾಪದ ಡಾಕ್ಟರಮ್ಮ! ಕಾಕಾನ ಅಷ್ಟೂ ಬೈಗುಳವನ್ನು ನಗುತ್ತ ನುಂಗಿದ್ದ ಆ ಹೆಣ್ಣುಮಗಳಿಗೆ ಅಂದು ಸಿಟ್ಟು ಬಂತು.

"ಏನ್ ಮಾಡೀರಿ ಅಂತ ನಿಮಗ ಗೊತ್ತದೇನ್ರಿ? ಎರಡೂ ಅರ್ಧರ್ಧ ತಿಂದ್ರ ನಿಮ್ಮಿಬ್ಬರ ಮೈಯಾಗ ಏನಾಗ್ತದ ಅಂತ ನಾ ಹ್ಯಾಂಗ ಹೇಳಲಿ? ಹೆಚ್ಚು ಕಡಿಮಿ ಆಗಿದ್ರ? ನಾಳೆ ಈ ಗುಳಿಗಿ ನಿಮ್ಮಂಥವರಿಗೇ ಕೊಡಬೇಕೋ ಬ್ಯಾಡೋ ಅಂತ ಗೊತ್ತಾಗಬೇಕಾದ್ರ, ಖರೇ ತಿಂದವರಿಗಿ ಸುಳ್ಳು ತಿಂದವರಿಗಿ ಏನು ಫರಕ್ ಅಂತ ನೋಡಬೇಕಲ್ರಿ. ನೀವು ಫರಕೇ ಅಳಿಸಿ ಕುಂತೀರಿ!"

ಕಾಕಾ ಅಷ್ಟೇ ಜೋರಾಗಿ ಹೇಳಿದ: "ನಮ್ಮಿಬ್ಬರ ನಡುವ ಫರಕ್ ನೋಡಾಕ ಹೊಂಟೀರಿ. ಅದಕ್ಕ ಕಲಸೀವಿ!"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಹೊರಗೆ ಕುಳಿತು ನೀರು ಕುಡಿಯಿರಿ ಎಂದರು. ಮೇಲಿನವರೊಡನೆ ಮಾತಾಡಿ ಬಂದು, ಪರೀಕ್ಷೆಯ ಗುಳಿಗೆ ಇಬ್ಬರಿಗೂ ನಿಲ್ಲಿಸಲೇಬೇಕು, ಹಳೆಯ ಔಷಧಿ ಮಾತ್ರ ಮುಂದುವರಿಸೋಣ ಎಂದು ತಿಳಿಸಿದರು. ಯಾರ ಬಾಟಲಿಯಲ್ಲಿ ಏನಿತ್ತು ಎಂದು ಈಗಲೂ ಹೇಳುವಂತಿಲ್ಲ.

ಯಾದಗಿರಿಗೆ ಮರಳುವ ರೈಲಿನಲ್ಲಿ ಚಾಚಾ ಕಿಟಕಿಗೆ ತಲೆಯಿಟ್ಟು ನಿದ್ದೆ ಹೋದರು. ನಾನು ಕಾಕಾನ ಮೇಲೆ ಹರಿಹಾಯ್ದೆ. ಜೀವನದಲ್ಲಿ ಮೊದಲ ಬಾರಿ. ಒಳ್ಳೆಯ ಮಾತಿನಲ್ಲಿ ಅಲ್ಲ, ಅವನ ಮಾತಿನಲ್ಲೇ. "ನಿನಗ ನಾಚಿಕಿ ಆಗಂಗಿಲ್ಲೇನು ಕಾಕಾ? ಚಾಚಾಗ ಖರೇದು ಸಿಕ್ಕಿದ್ರ ಅವರಾದ್ರೂ ಆರಾಮ ಆಗ್ತಿದ್ರು. ಅದರಾಗೂ ಪಾಲು ಬೇಕಿತ್ತೇನು ನಿನಗ? ಈಗ ನಿನಗೂ ಇಲ್ಲ, ಅವರಿಗೂ ಇಲ್ಲ!" ಎದುರು ಸೀಟಿನವರು ನೋಡುತ್ತಿದ್ದರು. ಕಾಕಾ ತಿರುಗಿ ಬೈಯುತ್ತಾನೆ ಎಂದು ಕಾದೆ. ಅವನು ಕಿಟಕಿಯ ಹೊರಗೆ ತೊಗರಿ ಹೊಲಗಳನ್ನು ನೋಡುತ್ತ ಕುಳಿತಿದ್ದ. ಸುಮ್ಮನಿರುವ ಕಾಕಾನನ್ನು ಕಂಡು ನನ್ನ ಸಿಟ್ಟು ಇನ್ನೂ ಹೆಚ್ಚಾಯಿತು. ಬಹಳ ದಿನ ಶಹಾಪುರಕ್ಕೆ ಹೋಗಲಿಲ್ಲ, ಫೋನೂ ಮಾಡಲಿಲ್ಲ.

ಕೊನೆಗೆ ಕಾಕುವೇ ಕರೆಸಿಕೊಂಡಳು. ಹೋದಾಗ ರೊಟ್ಟಿ ಬಡಿಯುತ್ತಿದ್ದಳು. ಕಾಕಾ ಎಲ್ಲಿ ಎಂದು ನಾನು ಕೇಳಲಿಲ್ಲ. ಅದನ್ನು ಅವಳು ಗಮನಿಸಿದಳು.

"ನೀ ರೈಲಿನಾಗ ಏನೇನೋ ಅಂದಿಯಂತ."

"ಅವನೇ ಹೇಳಿದ್ನೇನು?"

"ಅವರೆಲ್ಲಿ ಹೇಳ್ತಾರ? ಮೆಹಬೂಬ್ ಭಾಯಿ ಹೇಳಿದ್ರು. ಅವರು ನಿದ್ದಿ ಮಾಡಿದ್ದಿಲ್ಲಂತ." ರೊಟ್ಟಿಯನ್ನು ಹಂಚಿಗೆ ಹಾಕಿ, ನೀರಿನ ಕೈ ಸವರಿದಳು. "ಹುಚ್ಚಿ, ನಿಮ್ಮ ಕಾಕಾಗ ದಮ್ಮೇ ಹತ್ತುತ್ತಿದ್ದಿಲ್ಲ."

"ಅಂದ್ರ?"

"ಗುಳಿಗಿ ಶುರು ಮಾಡಿದ ಮ್ಯಾಲ ಕಾಲು ಬಾವು ಇಳಿದಿತ್ತು. ಅದೇ ಚಪ್ಪಲ್ ಮತ್ತ ಸರಿ ಆಗಿದ್ವು. ಕೊಡ ಹೊತ್ತು ಮಾಳಿಗಿ ಹತ್ತತಿದ್ರು. ಒಂದ ದಿಂಬಿನ ಮ್ಯಾಲ ಮಲಗತಿದ್ರು. ಮೆಹಬೂಬ್ ಭಾಯಿ ಬಸ್ ಬಂತಂದ್ರ ಸಾಕು, ಸ್ಟ್ಯಾಂಡಿಗಿ ಹೋಗಿ ಎದಿ ಹಿಡ್ಕೊಂಡು ಕುಂದ್ರತಿದ್ರು, ನಾಟಕದವರಂಗ! ತಮ್ಮ ಗುಳಿಗೀನ ಖರೇದು ಅಂತ ಅವರಿಗಿ ಖಾತ್ರಿ ಆಗಿತ್ತು."

 ಮೆಟ್ಟಿಲು ಹತ್ತಿ ಮಾಳಿಗೆಗೆ ಹೋದೆ. ಕಾಕಾ ಅಲ್ಲಿ ಕಟ್ಟೆಯ ಮೇಲೆ ಕುಳಿತಿದ್ದ. ಕಾಲು ಮತ್ತೆ ಬಾತಿದ್ದವು.

"ಕಾಕು ಹೇಳಿದ್ದು ಖರೇ ಏನು?"

"ಆಕಿಗಿ ತಲಿ ಇಲ್ಲ! ಆಕಿ ಮಾತು ಕೇಳಿ ಮ್ಯಾಲ ಬಂದಿ, ನಿನಗೂ ಇಲ್ಲ!"

"ಖರೇದು ನಂದ ಅದ, ತಗೋ ಅಂತ ನೇರವಾಗಿ ಹೇಳಿ ಕೊಡಬೇಕಿತ್ತಲ್ಲ?"

"ತಗೋತಿದ್ನೇನು ಅವ?" ಕಾಕಾ ಗುಡುಗಿದ. "ಏನು ಗೊತ್ತು ನಿನಗ ಅವನ ಬಗ್ಗಿ? ಕಸಗೊಂಡ್ರ ಕೊಡ್ತಾನ, ಕೊಟ್ರ ತಗೊಳಂಗಿಲ್ಲ. ಇಡೀ ಜನ್ಮ ಹಂಗ ಮಾಡ್ಯಾನ. ಅದಕ್ಕ ಕಸಗೊಂಡೆ!"

ನಾನು ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಓದಿದವರಿಗೆ ಇದೊಂದು ರೋಗ, ಕೇಳಬಾರದ್ದನ್ನು ಕೇಳಿಯೇ ತೀರಬೇಕು. "ನಿನಗ ಆರಾಮ ಅನಿಸಿದ್ದು ಬರೇ ಮನಸಿನ ಆಟ ಆಗಿದ್ರ? ನಿಂದೇ ಸುಳ್ಳು, ಅವರದೇ ಖರೇದು ಆಗಿದ್ರ? ಆಗ ಖರೇನ ಕಸಗೊಂಡಂಗ ಆತಲ್ಲ ಕಾಕಾ?"

 ಒಂದು ಬೈಗುಳವೂ ಬರಲಿಲ್ಲ. ಎದುರಿನ ಗುಡ್ಡದ ಕಡೆ ನೋಡಿ, "ಅದನ್ನೂ ವಿಚಾರ ಮಾಡೇನಿ ಬಿಡು," ಎಂದ. ಅಷ್ಟೇ. ನನಗೆ ಯಾರ ಮೇಲೆ ಸಿಟ್ಟಾಗಬೇಕೆಂದೇ ತಿಳಿಯಲಿಲ್ಲ. ಬೋರ್ಡಿಲ್ಲದ ಬಸ್ಸಿನ ಮೇಲೆಯೇ? ಹತ್ತಿದವರ ಮೇಲೆಯೇ? ದಿನಚರಿಯಲ್ಲಿ ಆ ರಾತ್ರಿ ಏನೂ ಬರೆಯಲಿಲ್ಲ. ಹಾಗಾಗಿ ಇದೆಲ್ಲ ನೆನಪಿನಿಂದಲೇ ಹೇಳುತ್ತಿರುವುದು. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಪರೀಕ್ಷೆ ಇನ್ನೂ ಮುಗಿದಿಲ್ಲ. ಆ ಗುಳಿಗೆ ಇನ್ನೂ ಯಾವ ಅಂಗಡಿಗೂ ಬಂದಿಲ್ಲ. ಬಂದರೂ ನಮ್ಮ ಕಡೆಗೆ ಬರುವುದು ಯಾವಾಗಲೋ! ಕಾಕಾ ಹಳೆಯ ಔಷಧಿಯ ಮೇಲೆ ಹೇಗೋ ದಿನ ತಳ್ಳುತ್ತಿದ್ದಾನೆ. ಚಾಚಾನಿಗೆ ಮಾತ್ರ ಕಷ್ಟವಾಗುತ್ತ ಬಂತು. ಶಹಾಪುರದ ಬಸ್ಸು ಹತ್ತುವುದು ನಿಂತಿತು; ಆಮೇಲೆ ಮನೆಯ ಹೊಸ್ತಿಲು ದಾಟುವುದೂ ನಿಂತಿತು.

ಕಳೆದ ವಾರ ಕಾಕಾನ ಜೊತೆ ನಾನೂ ಸುರಪುರಕ್ಕೆ ಹೋಗಿದ್ದೆ. ಈಗ ಅವನೇ ವಾರವಾರ ಹೋಗುತ್ತಾನೆ. ಚಾಚಾ ಪಡಸಾಲೆಯ ಮಂಚದ ಮೇಲೆ ದಿಂಬುಗಳಿಗೆ ಒರಗಿ ಕುಳಿತಿದ್ದರು. ಕಾಕಾ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದ: "ಎದ್ದು ಕುಂದ್ರಲೇ! ಮಂದಿ ಮನಿಗಿ ಬಂದ್ರ ಮಲಕೊಂಡ ಇರೋದೇನು? ನವಾಬನ ಮಗ ಏನು ನೀ?"

ಚಾಚಾನ ಕಣ್ಣು ಅರಳಿದವು. ದಿಂಬಿನಿಂದ ಸ್ವಲ್ಪ ಮೇಲೆದ್ದರು.

"ನಿನ್ನಂಥ ಹುಂಬ..." ಎಂದರು. ಉಸಿರು ಸ್ವಲ್ಪ ತೆಗೆದುಕೊಂಡರು. "ನಿನ್ನಂಥ ಹುಂಬ... ಈ ಮೂರೂ ಊರಾಗ..."

ಮುಂದಕ್ಕೆ ಬರಲಿಲ್ಲ. ಎದೆ ಏರಿ ಇಳಿಯುತ್ತಿತ್ತು. ಮಾತು ತುಟಿಯ ಮೇಲಿತ್ತು, ಅದನ್ನು ದಬ್ಬುವಷ್ಟು ಗಾಳಿ ಇರಲಿಲ್ಲ. ಅವರ ಹೆಂಡತಿ ಚಾಚಿ ಬೀಸಣಿಕೆ ಹಿಡಿದು ಎದ್ದಳು. ಕಾಕಾ ಕೈಸನ್ನೆಯಿಂದ ಅವಳನ್ನು ತಡೆದ. ಮಂಚದ ಅಂಚಿಗೆ ಕುಳಿತು, ಅವರ ಉಸಿರು ತಿರುಗಿ ಬರುವವರೆಗೆ ಕಾದ. ಮಾತು ಮುಗಿಸುವಷ್ಟು ಉಸಿರು ಬರುವುದಿಲ್ಲ ಎಂದು ಗೊತ್ತಾದ ಮೇಲೆ ಮುಖ ಹತ್ತಿರ ತಂದ.

"...ಈ ಮೂರೂ ಊರಾಗ ಹುಟ್ಟಿಲ್ಲ, ಹುಟ್ಟಂಗಿಲ್ಲ," ಎಂದ. "ಹೌದಿಲ್ಲೊ?"

ಕಾಕಾನಿಗೆ ಅಷ್ಟು ಸಣ್ಣ ದನಿ ಇರುವುದು ನನಗೆ ಗೊತ್ತೇ ಇರಲಿಲ್ಲ.

ಚಾಚಾ ಹೌದೆಂದು ತಲೆಯಾಡಿಸಿದರು. "ನಿಮ್ಮಪ್ಪ..." ಎಂದರು.

"ನಮ್ಮಪ್ಪ ಪಾಪ, ದೇವರಂಥ ಮನುಷ್ಯ. ಅವನ ಹೊಟ್ಟಿಲೆ ನಾ ಹಾಗಲಕಾಯಿ ಹುಟ್ಟೇನಿ. ಮತ್ತ?"

"ಹೆಂಡ್ತಿ..."

"ಹೌದು, ಆಕಿ ಅಂತ ಬಾಳೇವು ಮಾಡ್ಯಾಳ. ಬ್ಯಾರೆದಾಕಿ ಆಗಿದ್ರ ಯಾವಾಗೋ ಭಾವಿಗಿ ದಬ್ಬತಿದ್ಲು. ಮತ್ತ? ಹೇಳು, ಮತ್ತ?"

ಚಾಚಾ ಒಂದೊಂದು ಶಬ್ದ ಎತ್ತಿ ಕೊಡುತ್ತಿದ್ದರು. ಅವರ ಉಸಿರು ಎಲ್ಲಿ ಮುಗಿಯುತ್ತಿತ್ತೋ ಅಲ್ಲಿಂದ ಕಾಕಾ ಹಿಡಿದುಕೊಂಡು, ಅವರ ಪರವಾಗಿ ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದ. ಒಂದು ಬೈಗುಳವನ್ನೂ ಅರ್ಧಕ್ಕೆ ಬಿಡಲಿಲ್ಲ. ಚಾಚಾ ದಿಂಬಿಗೆ ಒರಗಿ ಕಣ್ಣು ಮುಚ್ಚಿದರು. ಬಿಸಿಲು ಮಂಚದ ಕಾಲಿನಿಂದ ಗೋಡೆಗೆ ಸರಿಯುವವರೆಗೂ, ಹೌದು, ಹೌದು ಎಂದು ತಲೆಯಾಡಿಸುತ್ತಲೇ ಇದ್ದರು.